ತೋಟದ ರೈಟರ್ ಮೈಮೇಲೆ ಕೈ ಹಾಕಿ ಹೊಡೆದಿದ್ದಾನೆ, ಠಾಣೆಯಲ್ಲಿ ಎನ್‌ಸಿಆರ್ ಕೊಟ್ಟು ಕಳಿಸಿದ್ದಾರೆ, ಭಾನುವಾರ ರಾಜಿಗೆ ಕರೆದಿದ್ದಾರೆ. ಏನು ಮಾಡಲಿ?

ಮೂಡಿಗೆರೆ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ತೋಟದ ಹೆಸರು, ಠಾಣೆ ಹೆಸರು ಬರೆಯೋದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ನನ್ನ ಚಿಕ್ಕಮ್ಮನ ಮಗಳು ಒಂದು ಕಾಫಿ ತೋಟದಲ್ಲಿ ಕೆಲಸ ಮಾಡ್ತಾಳೆ. ವಯಸ್ಸು 23. ಮನೆಯವರೆಲ್ಲ ಅಲ್ಲೇ ತೋಟದವರು ಕೊಟ್ಟ ಲೈನ್ ಮನೆಯಲ್ಲಿ ಇದ್ದಾರೆ. ಮೊನ್ನೆ ಬಟವಾಡೆಯಲ್ಲಿ ಹಾಜರಿ ಕಡಿಮೆ ಬಂತು ಅಂತ ಕೇಳೋಕೆ ಸ್ಟೋರ್ ಹತ್ರ ಹೋಗಿದ್ದಾಳೆ. ಹಾಜರಿ, ಕೂಲಿ ಲೆಕ್ಕ ಬರೆಯೋ ರೈಟರ್ ಒಬ್ಬನೇ ಇದ್ದ. ಪುಸ್ತಕ ತೋರಿಸ್ತೀನಿ ಬಾ ಅಂತ ಒಳಗೆ ಕರೆದು ಮೈಮೇಲೆ ಕೈ ಹಾಕಿದ್ದಾನೆ. ಕೂಗಿಕೊಂಡಿದ್ದಕ್ಕೆ ಕೆನ್ನೆಗೆ ಬಾರಿಸಿ ನೂಕಿದ್ದಾನೆ. ಬಾಗಿಲ ಚೌಕಟ್ಟಿಗೆ ಬಲಗೈ ಬಡಿದು ಮಣಿಕಟ್ಟು ಊದಿಕೊಂಡಿದೆ. ಬಾಯಿ ಬಿಟ್ಟರೆ ಮನೆ ಖಾಲಿ ಮಾಡಿಸ್ತೀನಿ ಅಂತಾನೂ ಹೇಳಿದ್ದಾನೆ.

ಸಂಜೆ ಠಾಣೆಗೆ ಹೋದ್ರು. ಜೊತೆಗೆ ಹೋದ ಮೇಸ್ತ್ರಿಯೇ ಅರ್ಜಿ ಬರೆದ. ಅದರಲ್ಲಿ "ಕೂಲಿ ವಿಚಾರವಾಗಿ ಮಾತಿಗೆ ಮಾತು ಬೆಳೆದು ಕೈಯಿಂದ ಹೊಡೆದಿರುತ್ತಾರೆ" ಅಂತ ಅಷ್ಟೇ ಇದೆ. ಮೈಮುಟ್ಟಿದ್ದು ಒಂದಕ್ಷರ ಇಲ್ಲ. ಅವಳಿಗೆ ಓದಿ ಹೇಳಲೂ ಇಲ್ಲ, ಸಹಿ ಹಾಕಿಸಿಕೊಂಡರು. ಎನ್‌ಸಿಆರ್ ಅಂತ ಒಂದು ಚೀಟಿ ಕೊಟ್ಟಿದ್ದಾರೆ, ಎಫ್‌ಐಆರ್ ಅಲ್ಲ. ಈಗ ಸಾಹುಕಾರ್ರು ಭಾನುವಾರ ಬಂಗಲೆಗೆ ಬನ್ನಿ, ಅವನ ಕೈಲಿ ಕ್ಷಮೆ ಕೇಳಿಸಿ ಆಸ್ಪತ್ರೆ ಖರ್ಚು ಕೊಡಿಸ್ತೀನಿ ಅಂತ ಹೇಳಿ ಕಳಿಸಿದ್ದಾರೆ. ಚಿಕ್ಕಪ್ಪ ಹೋಗೋಣ ಅಂತಾರೆ. ಅವಳು ಬೇಡ ಅಂತಾಳೆ.

ಒಂದು ಸಲ ಎನ್‌ಸಿಆರ್ ಆದ ಮೇಲೆ ಮತ್ತೆ ಕೇಸ್ ಕೊಡೋಕೆ ಆಗುತ್ತಾ? ಮೊದಲು ಹೇಳದೆ ಈಗ ಹೇಳಿದ್ರೆ ಸುಳ್ಳು ಅನ್ನಲ್ವಾ? ತಿಳಿದವರು ಹೇಳಿ.

ಆಲ್ದೂರು ರಸ್ತೆ

ಭಾನುವಾರ ಹೋಗಬೇಡಿ. ಬಂಗಲೆಯಲ್ಲಿ ಏನಾದ್ರೂ ಬರೆದ ಹಾಳೆಗೆ ಸಹಿ ಹಾಕಿಸಿಕೊಳ್ತಾರೆ, ಆಮೇಲೆ ಅದನ್ನೇ ಹಿಡಿದುಕೊಂಡು ಓಡಾಡ್ತಾರೆ. ಅವಳೇ ಬೇಡ ಅಂತಿದ್ದಾಳಲ್ಲ, ಮುಗೀತು.

ವಕೀಲೆ, ಹಾಸನ ಕೋರ್ಟ್

ಅಮ್ಮಾ, ಕೇಸ್ ಕೊಡೋಕೆ ಖಂಡಿತ ಆಗುತ್ತೆ. ಸ್ವಲ್ಪ ಉದ್ದ ಬರೀತೀನಿ, ನಿಧಾನವಾಗಿ ಓದಿ.

ಬರೀ ಕೈಯಿಂದ ಹೊಡೆದು ಸಾಮಾನ್ಯ ಗಾಯ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 115(2). ಒಂದು ವರ್ಷದವರೆಗೆ ಶಿಕ್ಷೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ, ಅದಕ್ಕೇ ಎನ್‌ಸಿಆರ್ ಚೀಟಿ. ಮೇಸ್ತ್ರಿ ಬರೆದ ಅರ್ಜಿಯ ಮೇಲೆ ಠಾಣೆಯವರು ಮಾಡಿದ್ದು ಕಾನೂನಿಗೆ ಸರಿಯಾಗೇ ಇದೆ. ತೊಂದರೆ ಇರೋದು ಆ ಅರ್ಜಿಯಲ್ಲಿ.

ನಡೆದದ್ದನ್ನು ಪೂರ್ತಿ ಬರೆದರೆ ಚಿತ್ರವೇ ಬೇರೆ. ಹೆಂಗಸಿನ ಮಾನಭಂಗದ ಉದ್ದೇಶದಿಂದ ಮೈಮೇಲೆ ಕೈ ಹಾಕಿದ್ರೆ ಕಲಂ 74. ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಸಂಜ್ಞೇಯ ಅಪರಾಧ, ಜಾಮೀನು ಹಕ್ಕಲ್ಲ. ಬಟ್ಟೆ ಬಿಚ್ಚಿಸೋಕೆ ಅಂತಲೇ ಎಳೆದಿದ್ದರೆ ಕಲಂ 76, ಮೂರರಿಂದ ಏಳು ವರ್ಷ. ಬೇಡದ ಮೈಮುಟ್ಟುವಿಕೆಗೆ, ಲೈಂಗಿಕ ಬೇಡಿಕೆಗೆ 75. ಬೆದರಿಕೆಗೆ 351. ಒಂದೇ ಪ್ರಕರಣದಲ್ಲಿ ಒಂದು ಸಂಜ್ಞೇಯ ಅಪರಾಧ ಇದ್ದರೂ ಸಾಕು, ಇಡೀ ಪ್ರಕರಣವನ್ನು ಸಂಜ್ಞೇಯ ಅಂತಲೇ ನೋಡಬೇಕು.

ಹಾಗಾಗಿ ಹೊಸ ದೂರು ಬರೀರಿ. ಬರೆಯೋದು ಅವಳ ಮಾತಲ್ಲೇ ಇರಲಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಿದ್ದಳು, ಅವನು ಏನಂದ, ಎಲ್ಲಿ ಮುಟ್ಟಿದ, ಕೂಗಿದ್ದು ಯಾರಿಗೆ ಕೇಳಿಸಿತು, ಹೊರಗೆ ಬಂದಾಗ ಯಾರು ನೋಡಿದರು, ಮೊದಲು ಯಾರ ಹತ್ರ ಹೇಳಿಕೊಂಡಳು. ಸೆಕ್ಷನ್ ನಂಬರ್ ನೀವು ಬರೆಯಬೇಕಾಗಿಲ್ಲ. ಮೊದಲ ಅರ್ಜಿಯನ್ನು ಮುಚ್ಚಿಡಬೇಡಿ. ಮೇಸ್ತ್ರಿ ಬರೆದದ್ದು, ನನಗೆ ಓದಿ ಹೇಳಲಿಲ್ಲ, ಅವನೆದುರು ನಾಚಿಕೆ, ಭಯದಿಂದ ಹೇಳಲಾಗಲಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೆದು ಎನ್‌ಸಿಆರ್ ನಂಬರ್ ಕೂಡ ಹಾಕಿ. ತಡ ಯಾಕಾಯ್ತು ಅನ್ನೋದಕ್ಕೆ ಕಾರಣ ದೂರಿನಲ್ಲೇ ಇದ್ದರೆ ನ್ಯಾಯಾಲಯ ಅದನ್ನು ಪರಿಗಣಿಸುತ್ತೆ. ಮುಂದೆ ಪಾಟಿ ಸವಾಲಿನಲ್ಲಿ ಮೊದಲ ಸಲ ಹೊರಗೆ ಬಂದರೆ ಅದೇ ತೊಡಕು.

ಈ ಅಪರಾಧಗಳಲ್ಲಿ ಮಾಹಿತಿ ಬರೆದುಕೊಳ್ಳಬೇಕಾದವರು ಮಹಿಳಾ ಪೊಲೀಸ್ ಅಧಿಕಾರಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಜೀರೋ ಎಫ್‌ಐಆರ್ ಅಂತಾರಲ್ಲ ಅದು. ಆ ಠಾಣೆಗೆ ಮತ್ತೆ ಹೋಗೋಕೆ ಮನಸ್ಸಿಲ್ಲದಿದ್ರೆ ಜಿಲ್ಲಾ ಕೇಂದ್ರದ ಮಹಿಳಾ ಠಾಣೆಗೆ ಹೋಗಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಲೇಬೇಕು, ಕೈಗೆ ಬರೋವರೆಗೂ ಎದ್ದು ಬರಬೇಡಿ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸೋದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲೇ ಹೇಳಿದೆ. 74ರಂಥ ಅಪರಾಧದ ಮಾಹಿತಿ ದಾಖಲಿಸದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷ ಶಿಕ್ಷೆ ಇದೆ, ಕಲಂ 199. ಆದರೂ ತೆಗೆದುಕೊಳ್ಳಲಿಲ್ಲ ಅಂದ್ರೆ ದೂರನ್ನು ಎಸ್‌ಪಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದೂ ಆಗದಿದ್ರೆ ಅಫಿಡವಿಟ್ ಜೊತೆ ಜೆಎಂಎಫ್‌ಸಿ, ಅಂದ್ರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ.

ಒಂದು ಪ್ರಶ್ನೆ, ಉತ್ತರ ಕೊಡಲೇಬೇಕಂತಿಲ್ಲ: ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾ? ಅವನು ಅಲ್ಲವಾ? ಹಾಗಿದ್ದರೆ ಇನ್ನೊಂದು ಕಾನೂನೂ ಸೇರುತ್ತೆ.

ನರ್ಸ್ ಅಕ್ಕ, ಸಕಲೇಶಪುರ

ಮಣಿಕಟ್ಟು ಊದಿದೆ ಅಂದ್ರಲ್ಲ, ಎಕ್ಸ್‌ರೇ ಆಯ್ತಾ? ಇದನ್ನ ಯಾರೂ ಕೇಳೇ ಇಲ್ಲ ನೋಡಿ. ನೋವಿನ ಮಾತ್ರೆ ನುಂಗಿ, ಬಿಸಿನೀರು ಹಾಕಿ ಕೂತಿರ್ತಾರೆ. ಮೂಳೆ ಸಣ್ಣಗೆ ಬಿರುಕು ಬಿಟ್ಟಿದ್ರೂ ಅದು ಕಾನೂನಿನಲ್ಲಿ "ತೀವ್ರ ಗಾಯ". ಹಲ್ಲು ಹೋದ್ರೂ ಹಾಗೇ. 15 ದಿನ ತಡೆಯಲಾರದ ನೋವು ಅನುಭವಿಸಿದ್ರೆ ಅಥವಾ ದಿನದ ಕೆಲಸ ಮಾಡೋಕೆ ಆಗದೆ ಇದ್ರೂ ಹಾಗೇ, ಮೊದಲು ಇದು 20 ದಿನ ಇತ್ತು. ವಕೀಲರು ತಿದ್ದಬಹುದು.

ಸರ್ಕಾರಿ ಆಸ್ಪತ್ರೆಗೇ ಕರ್ಕೊಂಡು ಹೋಗಿ. ಹೊರರೋಗಿ ಚೀಟಿ ಮಾಡಿಸುವಾಗಲೇ "ಹಲ್ಲೆ ಆಗಿದೆ, ಎಂಎಲ್‌ಸಿ ಮಾಡಿ" ಅಂತ ಬಾಯಿಬಿಟ್ಟು ಹೇಳಿ. ಎಂಎಲ್‌ಸಿ ಅಂದ್ರೆ ಪೊಲೀಸ್ ಕೇಸಿಗೆ ಬೇಕಾಗೋ ವೈದ್ಯಕೀಯ ದಾಖಲೆ. ಜಾರಿ ಬಿದ್ದೆ ಅಂತ ಮಾತ್ರ ಹೇಳಬೇಡಿ. ಎಷ್ಟೋ ಹೆಣ್ಣುಮಕ್ಕಳು ಪಕ್ಕದಲ್ಲಿ ಗಂಡನೋ ಮಾವನೋ ನಿಂತಿದ್ದಾರೆ ಅಂತ ಬಾತ್‌ರೂಮಲ್ಲಿ ಬಿದ್ದೆ ಅಂದುಬಿಡ್ತಾರೆ, ಅದು ಪುಸ್ತಕದಲ್ಲಿ ಹಾಗೇ ಉಳಿದುಹೋಗುತ್ತೆ. ನಾನು ಡ್ಯೂಟಿಯಲ್ಲಿದ್ರೆ ಬಂದವರನ್ನು ಪರದೆ ಹಿಂದೆ ಕರೆದು ಒಬ್ಬಳನ್ನೇ ಕೇಳ್ತೀನಿ. ಎಂಎಲ್‌ಸಿ ರಿಜಿಸ್ಟರಿನಲ್ಲಿ ಯಾರು, ಯಾವಾಗ, ಯಾತರಿಂದ ಹೊಡೆದದ್ದು ಅಂತ ಬರೀತಾರೆ. ಆಮೇಲೆ ಒಂದೊಂದು ಗಾಯ: ಎಲ್ಲಿದೆ, ಎಷ್ಟು ಸೆಂಟಿಮೀಟರ್, ಬಣ್ಣ ಏನು. ಹೊಸ ಹೆಪ್ಪು ಕೆಂಪಗಿರುತ್ತೆ, ದಿನ ಕಳೆದ ಹಾಗೆ ನೀಲಿ, ಹಸಿರು, ಹಳದಿ ಆಗಿ ಮಾಯವಾಗುತ್ತೆ. ತಡ ಮಾಡಬೇಡಿ ಅಂತ ನಾವು ಬಡ್ಕೊಳ್ಳೋದು ಇದಕ್ಕೇ. ಬೆರಳಿನ ಗುರುತು ತೋಳಿನ ಮೇಲಿದ್ರೆ ತೋರಿಸಿ, ನಾಚಿಕೊಳ್ಳಬೇಡಿ. ಎಂಎಲ್‌ಸಿ ನಂಬರ್ ಬರ್ಕೊಂಡು ಬನ್ನಿ.

ಇವಳ ವಿಷಯಕ್ಕೆ ಬೇಕಾಗಿಲ್ಲ, ಆದ್ರೆ ಬೇರೆ ಯಾರಾದ್ರೂ ಓದ್ತಿದ್ರೆ ಅಂತ ಬರೀತೀನಿ. ಅತ್ಯಾಚಾರ ಆಗಿದ್ರೆ ಮೊದಲು ಆಸ್ಪತ್ರೆಗೆ ಬನ್ನಿ. ಎಫ್‌ಐಆರ್ ಆಗಿಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಸರ್ಕಾರಿ ಇರಲಿ ಖಾಸಗಿ ಇರಲಿ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು, ಕೊಡದಿದ್ದವರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಆದಷ್ಟು ಸ್ನಾನ ಮಾಡದೆ, ಆಗ ಹಾಕಿದ್ದ ಬಟ್ಟೆ ಒಗೆಯದೆ ಬನ್ನಿ. ಸ್ನಾನ ಆಗಿಹೋಗಿದ್ರೂ ಬನ್ನಿ, ಇನ್ನೇನೂ ಸಿಗಲ್ಲ ಅಂದ್ಕೋಬೇಡಿ. ಬಟ್ಟೆ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಬೆವೆತು ಹಾಳಾಗುತ್ತೆ. ಕಾಗದದ ಚೀಲ ಅಥವಾ ಪೇಪರಿನಲ್ಲಿ ಸುತ್ತಿ ತನ್ನಿ. ಗರ್ಭ ತಡೆಯೋ ಮಾತ್ರೆಗೂ ಎಚ್‌ಐವಿ ತಡೆಯೋ ಔಷಧಿಗೂ 72 ಗಂಟೆಯೊಳಗೆ ಬಂದಷ್ಟು ಒಳ್ಳೇದು. ಪರೀಕ್ಷೆಗೆ ನಿಮ್ಮ ಒಪ್ಪಿಗೆ ಕೇಳಿಯೇ ಮುಟ್ಟಬೇಕು, ಯಾವ ಹಂತದಲ್ಲಾದ್ರೂ ಸಾಕು ಅನ್ನಬಹುದು, ಹಾಗಂದ್ರೂ ಚಿಕಿತ್ಸೆ ನಿಲ್ಲಲ್ಲ. ಎರಡು ಬೆರಳಿನ ಪರೀಕ್ಷೆ ಅಂತ ಹಿಂದೆ ಮಾಡ್ತಿದ್ರಲ್ಲ, ಅದನ್ನು ಮಾಡಿದ್ರೆ ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾರಾದ್ರೂ ಮಾಡೋಕೆ ಬಂದ್ರೆ ಬೇಡ ಅನ್ನಿ, ಗಟ್ಟಿಯಾಗಿ ಅನ್ನಿ.

ಬಾಳೆಹೊನ್ನೂರು ಹಿರಿಯ

ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಆ ಮಗುವಿಗೆ ಆದದ್ದು ಅನ್ಯಾಯವೇ. ಆದರೆ ಅವರು ಇರುವುದು ಸಾಹುಕಾರರ ಲೈನ್ ಮನೆಯಲ್ಲಿ. ನಾಳೆ ಮನೆ ಬಿಡಿ ಅಂದರೆ ಮಳೆಗಾಲದಲ್ಲಿ ಎಲ್ಲಿ ಹೋಗುತ್ತಾರೆ? ಕೋರ್ಟು ಅಂದರೆ ವರ್ಷಗಟ್ಟಲೆ. ಸಾಕ್ಷಿ ಹೇಳಬೇಕಾದವರು ಅದೇ ತೋಟದ ಕೂಲಿಯವರು, ಯಾರು ಬರುತ್ತಾರೆ? ಹತ್ತು ಜನರ ಎದುರು ಅವನಿಗೆ ಬುದ್ಧಿ ಹೇಳಿ, ಕೆಲಸದಿಂದ ತೆಗೆಸಿ, ಪರಿಹಾರ ಕೊಡಿಸಿದರೆ ಹುಡುಗಿಯ ಬದುಕೂ ಉಳಿಯುತ್ತದೆ. ಮದುವೆಯಾಗಬೇಕಾದ ಮಗು.

ಹೆಸರು ಬೇಡ, ಹಾಸನ ಜಿಲ್ಲೆ

ಹಿರಿಯರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತೆ. ನಮ್ಮಪ್ಪನಿಗೂ ಊರಿನವರು ಇದೇ ಮಾತು ಹೇಳಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಅದಕ್ಕೇ ಬರೀತಿದೀನಿ.

ನನ್ನದು ಇನ್ನೂ ದೊಡ್ಡ ಕೇಸು. ಯಾವುದು ಅಂತ ನೀವೇ ತಿಳಿದುಕೊಳ್ಳಿ. ಮೊದಲು ಪಂಚಾಯ್ತಿ ಆಯ್ತು. ಅರಳಿಕಟ್ಟೆ ಮೇಲೆ ಗಂಡಸರು ಕೂತಿದ್ರು, ನಾನು ಮನೆ ಒಳಗಿದ್ದೆ, ನನ್ನನ್ನು ಯಾರೂ ಕರೆಯಲಿಲ್ಲ. ನನ್ನ ಮೇಲೆ ಆದದ್ದಕ್ಕೆ ಎಷ್ಟು ದುಡ್ಡು ಅಂತ ಅಲ್ಲಿ ಚೌಕಾಸಿ ನಡೀತಿತ್ತು. ನಾನೇ ಅಕ್ಕನ ಜೊತೆ ಠಾಣೆಗೆ ಹೋದೆ.

ಜನ ಹೆದರೋದು ಕೋರ್ಟಿಗೆ. ಅಲ್ಲಿ ಹೇಗಿತ್ತು ಅಂತ ಹೇಳ್ತೀನಿ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಕೊಡಬೇಕಿತ್ತು. ಒಳಗೆ ಹೋದ ಮೇಲೆ ನ್ಯಾಯಾಧೀಶೆ ಜೊತೆಯಲ್ಲಿದ್ದ ಪೊಲೀಸಮ್ಮನನ್ನ ಹೊರಗೆ ಕಳಿಸಿ ಬಾಗಿಲು ಹಾಕಿಸಿದ್ರು. ನೀರು ಕುಡೀತೀಯೇನಮ್ಮ ಅಂದ್ರು. ಯಾರಾದ್ರೂ ಹೀಗೇ ಹೇಳು ಅಂತ ಹೇಳಿಕೊಟ್ಟಿದ್ದಾರಾ, ಯಾರಿಗಾದ್ರೂ ಹೆದರಿ ಹೇಳ್ತಿದೀಯಾ ಅಂತ ಕೇಳಿದ್ರು. ಆಮೇಲೆ ನಾನು ಹೇಳಿದ್ದನ್ನ ಟೈಪ್ ಮಾಡಿಸಿ ನನಗೇ ಓದಿ ಹೇಳಿದ್ರು. ಒಂದು ಕಡೆ ನಾನು ಹೇಳಿದ್ದಕ್ಕಿಂತ ಬೇರೆ ಥರ ಬಂದಿತ್ತು. ಹೇಳಿದೆ, ತಿದ್ದಿಸಿದ್ರು. ನಡೆದದ್ದನ್ನ ಪೂರ್ತಿ ಹೇಳೋಕೆ ಒಬ್ಬರು ಬಿಟ್ಟಿದ್ದು ಅದೇ ಮೊದಲು. ಊರ ಕಟ್ಟೆಯಲ್ಲಿ ಆ ಅವಕಾಶ ನನಗೆ ಸಿಗಲಿಲ್ಲ.

ವಿಚಾರಣೆ ಕಷ್ಟವಿತ್ತು, ಸುಳ್ಳು ಹೇಳಲ್ಲ. ಆದ್ರೆ ಬಾಗಿಲು ಹಾಕಿದ ಕೋರ್ಟ್ ಅದು, ಹೊರಗಿನವರು ಯಾರೂ ಇರಲಿಲ್ಲ. ಅವನ ಮುಖ ಕಾಣದ ಹಾಗೆ ಪರದೆ ಹಾಕಿದ್ರು. ಎದುರು ವಕೀಲರು ನನ್ನ ಹಳೇ ಸ್ನೇಹದ ಬಗ್ಗೆ ಕೇಳೋಕೆ ಶುರು ಮಾಡಿದ್ರು. ನ್ಯಾಯಾಧೀಶರು ಆ ಪ್ರಶ್ನೆ ಬೇಡ ಅಂದ್ರು. ಆಕೆಯ ಹಿಂದಿನ ನಡತೆ ಕೆದಕೋಕೆ ಕಾನೂನಿನಲ್ಲೇ ಜಾಗ ಇಲ್ಲವಂತೆ. ನಮಗೆ ವಕೀಲರ ಫೀಸು ಕೊಡೋ ಶಕ್ತಿ ಇರಲಿಲ್ಲ, ಕೋರ್ಟ್ ಆವರಣದಲ್ಲೇ ಇರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದಕ್ಕೆ ಪುಕ್ಕಟೆ ವಕೀಲರನ್ನ ಕೊಟ್ಟರು.

ನನಗೆ ಮದುವೆಯಾಗಿದೆ. ಮದುವೆಗೆ ಮುಂಚೆಯೇ ಅವರಿಗೆ ಎಲ್ಲ ಗೊತ್ತಿತ್ತು.

ಬಾಳೆಹೊನ್ನೂರು ಹಿರಿಯ

ತಾಯಿ, ನೀವು ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಕಟ್ಟೆಯ ಮೇಲೆ ನಾನೂ ಕೂತವನು. ನೊಂದವಳನ್ನು ಕೇಳದೆ ತೀರ್ಮಾನ ಮಾಡಬಾರದು ಅನ್ನುವುದನ್ನು ಒಪ್ಪುತ್ತೇನೆ. ಆದರೂ ಲೈನ್ ಮನೆಯ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಬೇಕು.

ವಕೀಲೆ, ಹಾಸನ ಕೋರ್ಟ್

ಹಿರಿಯರ ಪ್ರಶ್ನೆ ನ್ಯಾಯವಾದದ್ದು. ಮನೆ ಖಾಲಿ ಮಾಡಿಸ್ತೀನಿ ಅನ್ನೋ ಬೆದರಿಕೆಯನ್ನು ದೂರಿನಲ್ಲೇ ಸೇರಿಸಬೇಕು. ದೂರು ಕೊಟ್ಟ ಮೇಲೆ ಬೆದರಿಕೆ ಬಂದ್ರೆ ಅದು ಇನ್ನೊಂದು ಅಪರಾಧ. ಸಾಕ್ಷಿದಾರರ ರಕ್ಷಣೆಗೆ ಯೋಜನೆ ಇದೆ, ಅರ್ಜಿ ಹಾಕಬಹುದು. ಜಿಲ್ಲೆಗೊಂದು ಸಖಿ ಕೇಂದ್ರ ಇದೆ, ಅಲ್ಲಿ ತಾತ್ಕಾಲಿಕವಾಗಿ ಉಳಿಯೋ ವ್ಯವಸ್ಥೆ, ಆಪ್ತ ಸಮಾಲೋಚನೆ, ಪೊಲೀಸ್ ಮತ್ತು ಕಾನೂನು ನೆರವು ಒಂದೇ ಕಡೆ ಸಿಗುತ್ತೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ರೆ ಸಂಪರ್ಕ ಕೊಡ್ತಾರೆ. ಇಡೀ ಕುಟುಂಬದ ಸೂರಿನ ಪ್ರಶ್ನೆ ಇಷ್ಟರಿಂದ ಬಗೆಹರಿಯಲ್ಲ, ಅದು ನನಗೂ ಗೊತ್ತು.

ರಾಜಿ ಬಗ್ಗೆ: 115(2) ರಾಜಿ ಆಗಬಹುದಾದ ಅಪರಾಧ. 74 ಅಲ್ಲ, ಅತ್ಯಾಚಾರ ಅಲ್ಲವೇ ಅಲ್ಲ. ಬಂಗಲೆಯಲ್ಲಿ ಎಷ್ಟು ಹಾಳೆಗೆ ಸಹಿ ಹಾಕಿದ್ರೂ 74ರ ಅಪರಾಧ ಮುಗಿದುಹೋಗಲ್ಲ. ಅಂಥ ಹಾಳೆ ಕೆಲಸಕ್ಕೆ ಬರೋದು ಒಂದಕ್ಕೇ, ಮುಂದೆ ಅವಳ ಮಾತನ್ನು ಅನುಮಾನಿಸೋದಕ್ಕೆ. ಜಾಮೀನಿಗೆ ರಾಖಿ ಕಟ್ಟಿಸಿಕೊಳ್ಳೋ ಷರತ್ತು ಹಾಕಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ರದ್ದು ಮಾಡಿ, ಇಂಥ ಪ್ರಕರಣಗಳಲ್ಲಿ ಆರೋಪಿ ಜೊತೆ ಹೊಂದಾಣಿಕೆಗೆ ನ್ಯಾಯಾಲಯಗಳೇ ಪ್ರೋತ್ಸಾಹ ಕೊಡಬಾರದು ಅಂದಿದೆ.

ಉಚಿತ ಕಾನೂನು ನೆರವಿಗೆ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. 15100ಕ್ಕೆ ಫೋನ್ ಮಾಡಿ. ತಾಲ್ಲೂಕು ಕೋರ್ಟಿನಲ್ಲೂ ಸಮಿತಿ ಇದೆ, ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೇ ಬರಬೇಕಂತಿಲ್ಲ.

ತೋಟ ಕಾರ್ಮಿಕರ ಜೊತೆಗಾರ, ಕೊಪ್ಪ

ತೋಟ ಕೂಡ ಕೆಲಸದ ಸ್ಥಳವೇ ಅನ್ನೋದು ನಮ್ಮ ಕಡೆ ಯಾರ ತಲೆಗೂ ಹೋಗಲ್ಲ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಆಫೀಸಿನವರಿಗೆ ಮಾತ್ರ ಅಂದ್ಕೊಂಡಿದ್ದಾರೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ತೋಟದಲ್ಲಿ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಹತ್ತಕ್ಕಿಂತ ಕಡಿಮೆ ಇದ್ರೆ, ಇಲ್ಲವೇ ದೂರು ಮಾಲೀಕನ ಮೇಲೇ ಇದ್ರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಿ, ಕಾರಣ ಇದ್ರೆ ಇನ್ನು ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರ ತನಕ ಅವಳನ್ನಾಗಲಿ ಅವನನ್ನಾಗಲಿ ಬೇರೆ ಕಡೆ ಹಾಕಿ ಅಂತಲೂ, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿ ಅಂತಲೂ ಸಮಿತಿ ಶಿಫಾರಸು ಮಾಡಬಹುದು. ಪೊಲೀಸ್ ಕೇಸು ಬೇರೆ, ಇದು ಬೇರೆ, ಎರಡೂ ಒಟ್ಟಿಗೆ ನಡೆಸಬಹುದು.

ಅಸ್ಸಾಮಿಂದ, ಉತ್ತರ ಕರ್ನಾಟಕದಿಂದ ಬಂದ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಠಾಣೆಗೆ ಹೋದ್ರೆ ಭಾಷಾಂತರಕ್ಕೆ ಅದೇ ಮೇಸ್ತ್ರಿನೇ ಕರೆಸ್ತಾರೆ. ಗುತ್ತಿಗೆಗೆ ಕರ್ಕೊಂಡು ಬಂದವನು ಅವನೇ, ಮುಂಗಡ ಕೊಟ್ಟವನೂ ಅವನೇ. ಅಂಥ ಕಡೆ ಕಾನೂನು ಸೇವಾ ಪ್ರಾಧಿಕಾರದವರನ್ನೋ ಶಾಲೆ ಮೇಷ್ಟ್ರನ್ನೋ ಜೊತೆಗೆ ಕರ್ಕೊಂಡು ಹೋಗಿ. ಮೇಸ್ತ್ರಿ ಬೇಡ.

ಅರಕಲಗೂಡು ಟೀಚರ್

ನಡುವೆ ಒಂದು ಪ್ರಶ್ನೆ. ನಮ್ಮ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಏನೋ ಹೇಳಿಕೊಂಡಿದ್ದಾಳೆ. ಮನೆಯವರು ಆ ಹುಡುಗನಿಗೇ ಮದುವೆ ಮಾಡಿಬಿಡ್ತೀವಿ ಅಂತಿದ್ದಾರೆ. ನಾನು ಬಾಯಿ ಹಾಕಿದ್ರೆ ತಪ್ಪಾಗುತ್ತಾ?

ವಕೀಲೆ, ಹಾಸನ ಕೋರ್ಟ್

ಟೀಚರ್, ಸುಮ್ಮನಿದ್ದರೇ ತಪ್ಪು. 18 ತುಂಬದವರೆಲ್ಲ ಪೋಕ್ಸೊ ಕಾಯ್ದೆಯಲ್ಲಿ ಮಕ್ಕಳು. ಆ ವಯಸ್ಸಿಗೆ ಒಪ್ಪಿಗೆ ಅನ್ನೋದನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸೋದು 19ನೇ ಕಲಂ ಪ್ರಕಾರ ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆ ಇದೆ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಪೊಲೀಸರು ಯೂನಿಫಾರ್ಮ್ ಇಲ್ಲದೆ, ಮಗು ಇರೋ ಕಡೆಗೇ ಬಂದು ಹೇಳಿಕೆ ತೆಗೆದುಕೊಳ್ಳಬೇಕು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆ ಮಹಿಳಾ ವೈದ್ಯರಿಂದಲೇ ಆಗಬೇಕು. ಮದುವೆ ಮಾಡಿದ್ರೆ ಬಾಲ್ಯವಿವಾಹದ ಕೇಸೂ ಸೇರುತ್ತೆ. ಹುಡುಗಿಯ ಹೆಸರು ಸಹೋದ್ಯೋಗಿಗಳ ಹತ್ರವೂ ಆಡಬೇಡಿ.

ಚನ್ನರಾಯಪಟ್ಟಣದವಳು

ಗಂಡ ಕುಡಿದು ಬಂದು ಹೊಡೀತಾನೆ. ಹೊಡೆದ ರಾತ್ರಿಯೇ ಬಲವಂತ ಕೂಡ. ಇದಕ್ಕೆ ಏನಿದೆ? ನನಗೆ ಅವನು ಜೈಲಿಗೆ ಹೋಗಬೇಕಂತ ಇಲ್ಲ. ಹೊಡೆಯೋದು ನಿಂತರೆ ಸಾಕು, ನನ್ನನ್ನ, ಮಕ್ಕಳನ್ನ ಮನೆಯಿಂದ ಹೊರಗೆ ಹಾಕಬಾರದು.

ವಕೀಲೆ, ಹಾಸನ ಕೋರ್ಟ್

ತಂಗಿ, ನೀವು ಕೇಳ್ತಿರೋದಕ್ಕೇ ಹೊಂದೋ ಕಾನೂನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಮೊದಲ ಗುರಿ ಅವನನ್ನು ಜೈಲಿಗೆ ಕಳಿಸೋದಲ್ಲ. ಮ್ಯಾಜಿಸ್ಟ್ರೇಟ್ ಅವನಿಗೆ ಹೊಡೆಯಬಾರದು, ಹತ್ತಿರ ಬರಬಾರದು ಅಂತ ರಕ್ಷಣಾ ಆದೇಶ ಕೊಡಬಹುದು. ಮನೆ ಅವನ ಹೆಸರಲ್ಲಿದ್ರೂ ನಿಮ್ಮನ್ನು ಹೊರಗೆ ಹಾಕದ ಹಾಗೆ ವಾಸದ ಆದೇಶ, ಖರ್ಚಿಗೆ ದುಡ್ಡು, ಮಕ್ಕಳ ಸುಪರ್ದು, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ತುರ್ತಿದ್ರೆ ಅವನ ಮಾತು ಕೇಳೋ ಮೊದಲೇ ಮಧ್ಯಂತರ ಆದೇಶ ಬರುತ್ತೆ. ಆದೇಶ ಮೀರಿದ ಮೇಲೆ ಮಾತ್ರ ಜೈಲಿನ ಮಾತು, ಒಂದು ವರ್ಷದವರೆಗೆ. ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋಗಿ, ಅರ್ಜಿ ಅವರೇ ತಯಾರು ಮಾಡಿ ಕೋರ್ಟಿಗೆ ಕಳಿಸ್ತಾರೆ. ಕ್ರೌರ್ಯಕ್ಕೆ ಕಲಂ 85 ಬೇರೆ ಇದೆ, ಬೇಕೆನಿಸಿದಾಗ.

ಎರಡನೇ ವಿಷಯ ಬರೆಯೋಕೆ ಮನಸ್ಸಿಗೆ ಹಿಂಸೆ ಆಗುತ್ತೆ, ಆದ್ರೂ ನಿಜ ಹೇಳಬೇಕು. ಹೆಂಡತಿ 18 ದಾಟಿದವಳಾದ್ರೆ ಗಂಡನ ಬಲವಂತವನ್ನು ನಮ್ಮ ಕಾನೂನು ಇವತ್ತಿಗೂ ಅತ್ಯಾಚಾರ ಅನ್ನಲ್ಲ. 63ನೇ ಕಲಮಿನಲ್ಲೇ ವಿನಾಯಿತಿ ಇದೆ. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಆದ್ರೆ 2005ರ ಕಾಯ್ದೆ ಲೈಂಗಿಕ ಹಿಂಸೆಯನ್ನೂ ಕೌಟುಂಬಿಕ ಹಿಂಸೆ ಅಂತಲೇ ಸೇರಿಸಿದೆ. ಸಿಡಿಪಿಒ ಹತ್ರ ಅದನ್ನೂ ಮುಚ್ಚಿಡದೆ ಹೇಳಿ. ಇವತ್ತು ರಾತ್ರಿ ಭಯ ಇದ್ರೆ 112.

ನರ್ಸ್ ಅಕ್ಕ, ಸಕಲೇಶಪುರ

ಚನ್ನರಾಯಪಟ್ಟಣದ ತಂಗಿ, ಹೊಡೆತ ಬಿದ್ದಾಗೆಲ್ಲ ಆಸ್ಪತ್ರೆಗೆ ಹೋಗಿ ಬರೆಸಿ. ಕೇಸ್ ಕೊಡೋದು ಬಿಡೋದು ಆಮೇಲೆ.

ಹಾಸನ ಬಿ.ಎಂ. ರಸ್ತೆ

ತಪ್ಪು ತಿಳ್ಕೋಬೇಡಿ, ನಮ್ಮ ಜಿಲ್ಲೆಯವರಾಗಿ ಒಂದು ಮಾತು ಹೇಳಲೇಬೇಕು. 2024ರ ಏಪ್ರಿಲ್‌ನಲ್ಲಿ ಆಗಿನ ಸಂಸದನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್ ಹಂಚಿದ್ರಲ್ಲ, ಆಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಆ ಹೆಂಗಸರ ಮುಖ ಮುಚ್ಚದೆ ಫಾರ್ವರ್ಡ್ ಮಾಡಿದವರು ಎಷ್ಟು ಜನ? ಅವರು ಯಾರೂ ಅಪರಾಧ ಮಾಡ್ತಿದ್ದೀವಿ ಅಂದುಕೊಳ್ಳಲಿಲ್ಲ. ಮನೆ ಮಠ ಬಿಟ್ಟು ಹೋದ ಕುಟುಂಬಗಳಿವೆ. ಒಬ್ಬ ಮನೆಕೆಲಸದ ಹೆಣ್ಣುಮಗಳು ಕೊನೆವರೆಗೂ ನಿಂತು ಸಾಕ್ಷಿ ಹೇಳಿದ್ದಕ್ಕೆ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದು ಆಕೆಯ ಧೈರ್ಯ. ನಾವು ಊರಿನವರು ಆಕೆಗೆ ಏನು ಮಾಡಿದ್ವಿ?

ವಕೀಲೆ, ಹಾಸನ ಕೋರ್ಟ್

ನಿಮ್ಮ ಮಾತು ಸರಿ. ಅತ್ಯಾಚಾರ ಸಂತ್ರಸ್ತೆಯ ಹೆಸರನ್ನಾಗಲಿ ಗುರುತು ಹಿಡಿಯೋ ವಿವರವನ್ನಾಗಲಿ ಪ್ರಕಟಿಸಿದ್ರೆ ಎರಡು ವರ್ಷದವರೆಗೆ ಶಿಕ್ಷೆ, ಕಲಂ 72. ಅಂಥ ವಿಡಿಯೊ ಕಳಿಸೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಅಪರಾಧ. ಯಾರದಾದ್ರೂ ವಿಡಿಯೊ ಹರಿದಾಡ್ತಿದ್ರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ.

ಇದರಲ್ಲೇ ಇನ್ನೊಂದು ವಿಷಯ. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಿಂದ. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ಅನ್ವಯ, ದೂರು ಇವತ್ತು ಕೊಟ್ಟರೂ ಸರಿ. ಅತ್ಯಾಚಾರದಂಥ ಅಪರಾಧಕ್ಕೆ ಇಷ್ಟೇ ವರ್ಷದೊಳಗೆ ದೂರು ಕೊಡಬೇಕು ಅನ್ನೋ ಮಿತಿ ಇಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರೋ ಯಾವ ಅಪರಾಧಕ್ಕೂ ಇಲ್ಲ. ಒಂದು ವರ್ಷದವರೆಗಿನ ಶಿಕ್ಷೆಯದಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ.

ಮೂಡಿಗೆರೆ ಸೀಮೆಯವಳು

ಎಲ್ಲರಿಗೂ ಕೈ ಮುಗೀತೀನಿ. ಭಾನುವಾರ ಬಂಗಲೆಗೆ ಹೋಗಲಿಲ್ಲ. ನರ್ಸ್ ಅಕ್ಕ ಹೇಳಿದ ಹಾಗೆ ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿರೋದು ಕಂಡಿದೆ, ಪಟ್ಟಿ ಹಾಕಿದ್ದಾರೆ. ಎಂಎಲ್‌ಸಿ ಆಯ್ತು. ಅಲ್ಲಿಂದ ಮಹಿಳಾ ಠಾಣೆಗೆ ಹೋದ್ವಿ. ಹೊಸ ದೂರು ಅವಳು ಹೇಳ್ತಾ ಹೋದ ಹಾಗೆ ನಾನು ಬರೆದೆ. ಪಿಎಸ್‌ಐ ಮೇಡಂ ಪೂರ್ತಿ ಓದಿ, ಅವಳನ್ನೂ ಕೂರಿಸಿ ಕೇಳಿದ್ರು. ಎಫ್‌ಐಆರ್ ಪ್ರತಿ ಕೈಯಲ್ಲಿದೆ: 74, 75, 117(2), 351. ನಾವು ಪರಿಶಿಷ್ಟ ಜಾತಿಯವರು, ಅವನಲ್ಲ. ಜಾತಿ ಪ್ರಮಾಣಪತ್ರ ಕೊಟ್ಟ ಮೇಲೆ ದೌರ್ಜನ್ಯ ತಡೆ ಕಾಯ್ದೆಯ ಕಲಂ ಕೂಡ ಸೇರಿಸಿದ್ದಾರೆ, ಡಿವೈಎಸ್‌ಪಿ ತನಿಖೆ ಮಾಡ್ತಾರಂತೆ. ಚಿಕ್ಕಪ್ಪ ಮೊದಲು ಮುನಿಸಿಕೊಂಡಿದ್ರು. ಎಕ್ಸ್‌ರೇ ಫಿಲ್ಮ್ ಬೆಳಕಿಗೆ ಹಿಡಿದು ನೋಡಿದ ಮೇಲೆ ಒಂದು ಮಾತೂ ಆಡಲಿಲ್ಲ, ಠಾಣೆಗೆ ಅವರೇ ಆಟೊ ಮಾಡಿಕೊಂಡು ಬಂದರು.

ಈಗ ಅವನು ಬಂಧನಕ್ಕೆ ಮುಂಚೆಯೇ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕ್ತಾನಂತೆ ಅಂತ ಸುದ್ದಿ. ಬಂದ್ರೆ ನಾವು ಏನು ಮಾಡಬೇಕು? ಮೇಡಂ, ಆಮೇಲೆ ಏನೇನಾಗುತ್ತೆ ಅದನ್ನೂ ಹೇಳಿ.

ವಕೀಲೆ, ಹಾಸನ ಕೋರ್ಟ್

117(2) ಅಂದ್ರೆ ಏಳು ವರ್ಷದವರೆಗೆ ಶಿಕ್ಷೆ. ಎಕ್ಸ್‌ರೇ ತೆಗೆಸಿದ್ದು ತುಂಬಾ ಒಳ್ಳೇದಾಯ್ತು.

ದೌರ್ಜನ್ಯ ತಡೆ ಕಾಯ್ದೆ ಸೇರಿದ್ರೆ 18ನೇ ಕಲಂ ಪ್ರಕಾರ ನಿರೀಕ್ಷಣಾ ಜಾಮೀನು ಕೇಳೋ ಹಾಗಿಲ್ಲ. ಮೇಲ್ನೋಟಕ್ಕೆ ಆ ಕಾಯ್ದೆಯ ಅಪರಾಧವೇ ಇಲ್ಲ ಅಂತ ವಾದ ಮಾಡಬಹುದು, ಹಾಗಾಗಿ ಅರ್ಜಿ ಬಂದೇ ಬರುತ್ತೆ ಅಂದುಕೊಂಡು ತಯಾರಿರಿ. ಜಾಮೀನಿನ ಅರ್ಜಿಯ ನೋಟಿಸ್ ನಿಮಗೆ ಬರಬೇಕು, ವಿಚಾರಣೆಯಲ್ಲಿ ನಿಮ್ಮ ಮಾತು ಕೇಳಬೇಕು. ಅದೇ ಕಾಯ್ದೆಯ 15ಎ ಕಲಂ ಆ ಹಕ್ಕು ಕೊಟ್ಟಿದೆ. ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ಮಾತಾಡೋ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಲೈನ್ ಮನೆ ಅದೇ ತೋಟದಲ್ಲಿದೆ, ಸಾಕ್ಷಿಗಳೆಲ್ಲ ಅವನ ಕೈ ಕೆಳಗಿನವರು ಅನ್ನೋದನ್ನ ಸರ್ಕಾರಿ ಅಭಿಯೋಜಕರಿಗೆ ಬರೆದು ಕೊಡಿ. ಜಾಮೀನು ಸಿಕ್ಕರೂ ತೋಟದ ಕಡೆ ತಲೆ ಹಾಕಬಾರದು ಅನ್ನೋ ಷರತ್ತು ಕೇಳಬಹುದು.

ಮುಂದೆ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ಇರುತ್ತೆ, ಮೇಲೆ ಒಬ್ಬರು ಬರೆದಿದ್ದಾರಲ್ಲ, ಹಾಗೇ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ಆರೋಪಪಟ್ಟಿಯ ಪ್ರತಿ ನಿಮ್ಮ ವಕೀಲರ ಮೂಲಕ ಸಿಗುತ್ತೆ. ಕೇಸ್ ನಡೆಸೋದು ಸರ್ಕಾರಿ ಅಭಿಯೋಜಕರು, ಅವರ ಜೊತೆ ನಿಮ್ಮ ವಕೀಲರೂ ಇರಬಹುದು. ಒಂದು ವೇಳೆ ಖುಲಾಸೆ ಆದ್ರೂ ಮೇಲ್ಮನವಿ ಹಾಕೋ ಹಕ್ಕು ನಿಮಗಿದೆ.

ಪರಿಹಾರ ಎರಡು ದಾರಿಯಲ್ಲಿ. ದೌರ್ಜನ್ಯ ಕಾಯ್ದೆಯ ನಿಯಮಗಳ ಪ್ರಕಾರ ಹಂತ ಹಂತವಾಗಿ ಬರುತ್ತೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಇನ್ನೊಂದು ಸಂತ್ರಸ್ತರ ಪರಿಹಾರ ಯೋಜನೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ. ಶಿಕ್ಷೆ ಆಗೋವರೆಗೂ ಕಾಯಬೇಕಿಲ್ಲ, ಮಧ್ಯಂತರವಾಗಿಯೂ ಕೇಳಬಹುದು. ಓದ್ತಿರೋ ಬೇರೆಯವರಿಗಾಗಿ: 2018ರ ರಾಷ್ಟ್ರೀಯ ಯೋಜನೆಯಲ್ಲಿ ಅತ್ಯಾಚಾರ ಸಂತ್ರಸ್ತೆಗೆ ನಾಲ್ಕರಿಂದ ಏಳು ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ ಐದರಿಂದ ಹತ್ತು ಲಕ್ಷ ರೂಪಾಯಿ ನಿಗದಿ ಮಾಡಿದ್ದಾರೆ. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು.

ತೋಟ ಕಾರ್ಮಿಕರ ಜೊತೆಗಾರ, ಕೊಪ್ಪ

ಹಾಜರಿ ಪುಸ್ತಕ ಮಾಯ ಆಗೋ ಮುಂಚೆ ಪೊಲೀಸರಿಗೆ ಹೇಳಿ ವಶಕ್ಕೆ ತೆಗೆಸಿ. ಅವತ್ತು ಅವಳು ಕೆಲಸದಲ್ಲಿದ್ದಳು, ಅವನೂ ಡ್ಯೂಟಿಯಲ್ಲಿದ್ದ ಅನ್ನೋದಕ್ಕೆ ಅದೇ ಸಾಕ್ಷಿ. ಬಾಕಿ ಕೂಲಿಯ ದೂರನ್ನ ಕಾರ್ಮಿಕ ನಿರೀಕ್ಷಕರಿಗೆ ಬೇರೆಯಾಗಿ ಕೊಡಿ, ಇದರ ಜೊತೆ ಬೆರೆಸಬೇಡಿ.

ಮೂಡಿಗೆರೆ ಸೀಮೆಯವಳು

ಪುಸ್ತಕದ ವಿಷಯ ಡಿವೈಎಸ್‌ಪಿ ಕಚೇರಿಗೆ ಬರೆದುಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ಅವತ್ತು ಕೂಗಿದ್ದು ಕೇಳಿಸಿಕೊಂಡ ಇಬ್ಬರು ಹೆಂಗಸರು ಹೇಳಿಕೆ ಕೊಡ್ತೀವಿ ಅಂದಿದ್ದಾರೆ. ಅವರಲ್ಲಿ ಒಬ್ಬರಿಗೆ ಕನ್ನಡ ಬರಲ್ಲ. ಕೊಪ್ಪದ ಅಣ್ಣಾ, ಅಸ್ಸಾಮಿ ಗೊತ್ತಿರೋರು ನಿಮಗೆ ಯಾರಾದ್ರೂ ಪರಿಚಯ ಇದ್ರೆ ತಿಳಿಸಿ, ಮೇಸ್ತ್ರಿನ ಕರೆಸೋದು ಬೇಡ.

ತೋಟ ಕಾರ್ಮಿಕರ ಜೊತೆಗಾರ, ಕೊಪ್ಪ

ಇದ್ದಾರೆ ಕಣಮ್ಮ. ಖಾಸಗಿ ಸಂದೇಶ ಕಳಿಸಿದೀನಿ ನೋಡಿ.